ಹಸಿರನ್ನು ನಂಬುವ ಮೊದಲು: ಫೋರ್ಟ್ರಾನ್ ಟೆಸ್ಟ್ ಚೌಕಟ್ಟಿನ ದೋಷ ನಿವಾರಣೆ ಕೈಪಿಡಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಗಳಲ್ಲಿ ಮಳೆ, ಹೊಳೆ, ಜಲಾಶಯಗಳ ಲೆಕ್ಕಕ್ಕೆ ಫೋರ್ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಬಳಸುವ ವಿದ್ಯಾರ್ಥಿಗಳು ಮತ್ತು ಎಂಜಿನಿಯರುಗಳು ಇದ್ದಾರೆ. ಅವರ ಕೈಯಲ್ಲಿರುವ ಪುಟ್ಟ ಯೂನಿಟ್ ಟೆಸ್ಟ್ ಚೌಕಟ್ಟನ್ನು, ಅಂದರೆ ಕೋಡಿನ ಒಂದೊಂದು ಭಾಗವೂ ಸರಿಯಾದ ಉತ್ತರ ಕೊಡುತ್ತಿದೆಯೇ ಎಂದು ಪರೀಕ್ಷಿಸುವ ಸಾಧನವನ್ನು, ನೋಡಿಕೊಳ್ಳುವವರಲ್ಲಿ ನಾನೂ ಒಬ್ಬಳು. ಚೌಕಟ್ಟು ಕೆಟ್ಟಾಗ ಎಲ್ಲಿಂದ ಹುಡುಕಲು ಶುರು ಮಾಡಬೇಕು ಎಂದು ಮತ್ತೆ ಮತ್ತೆ ಕೇಳುವವರಿಗಾಗಿ ಈ ಕೈಪಿಡಿ.

ಫೋರ್ಟ್ರಾನ್ ಬಳಕೆಗೆ ಬಂದದ್ದು 1957ರಲ್ಲಿ, ಐಬಿಎಂ 704 ಯಂತ್ರಕ್ಕಾಗಿ. ಅಂದಿನಿಂದ 2023ರ ಮಾನಕದವರೆಗೆ ಭಾಷೆ ಬಹಳ ಬೆಳೆದಿದೆ. ಆದರೆ ಟೆಸ್ಟ್ ಬರೆಯುವ ಸೌಲಭ್ಯ ಭಾಷೆಯೊಳಗೆ ಇಂದಿಗೂ ಇಲ್ಲ, ಹೊರಗಿನಿಂದಲೇ ತರಬೇಕು. ನಾಸಾದಲ್ಲಿ ಹುಟ್ಟಿದ ಪಿಎಫ್‌ಯೂನಿಟ್ ಇದೆ, ಫೋರ್ಟ್ರಾನ್ ಸಮುದಾಯದ ಟೆಸ್ಟ್-ಡ್ರೈವ್ ಇದೆ. ಹೊಸದಾಗಿ ಆರಂಭಿಸುವವರು ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದೇ ಲೇಸು. ನಾವು ನಮ್ಮದನ್ನು ಉಳಿಸಿಕೊಂಡಿರುವುದಕ್ಕೆ ಕಾರಣ, ಇಲ್ಲಿನ ಪ್ರಯೋಗಾಲಯಗಳ ಹಳೆಯ ಕಂಪ್ಯೂಟರುಗಳಲ್ಲಿ ಹಳೆಯ ಕಂಪೈಲರುಗಳೇ (ಕೋಡನ್ನು ಯಂತ್ರದ ಭಾಷೆಗೆ ತರುವ ಪ್ರೋಗ್ರಾಂಗಳು) ಇವೆ. ಜೊತೆಗೆ ಇಡೀ ಚೌಕಟ್ಟನ್ನು ಒಂದು ಮಧ್ಯಾಹ್ನದಲ್ಲಿ ಕೂತು ಓದಿ ಮುಗಿಸಬಹುದು. ಕೆಳಗೆ ಹೇಳಿರುವ ದೋಷಗಳಾದರೋ ಯಾವ ಚೌಕಟ್ಟನ್ನೂ ಬಿಟ್ಟವಲ್ಲ.

ನಮಗೆ ಬರುವ ದೂರುಗಳು ಹೆಚ್ಚಾಗಿ ಎರಡು ಬಗೆಯವು. ಫೇಲಾಗಬಾರದ ಟೆಸ್ಟ್ ಫೇಲಾಗುತ್ತಿದೆ ಎನ್ನುವುದು ಒಂದು, ಟೆಸ್ಟ್ ಅರ್ಧಕ್ಕೇ ನಿಂತುಹೋಗುತ್ತದೆ ಎನ್ನುವುದು ಇನ್ನೊಂದು. ಮೂರನೆಯ ಬಗೆಯ ದೋಷದ ಬಗ್ಗೆ ದೂರು ಬರುವುದೇ ಅಪರೂಪ, ಏಕೆಂದರೆ ಅದು ಸಾಮಾನ್ಯವಾಗಿ ಯಾರಿಗೂ ಕಾಣುವುದಿಲ್ಲ: ಫೇಲಾಗಬೇಕಾದ ಟೆಸ್ಟ್ ಪಾಸಾಗುತ್ತಿರುತ್ತದೆ. ಕೆಂಪು, ಅಂದರೆ ಫೇಲ್, ಬಂದರೆ ಒಂದು ದಿನದ ಕೆಲಸ ಹಾಳಾಗಬಹುದು. ಸುಳ್ಳು ಹಸಿರು, ಅಂದರೆ ಸುಳ್ಳು ಪಾಸ್, ಬಂದರೆ ತಪ್ಪು ಲೆಕ್ಕ ವರದಿಗೆ ಸೇರುತ್ತದೆ, ಅಲ್ಲಿಂದ ಯಾವುದೋ ಸೇತುವೆಯ ಎತ್ತರಕ್ಕೂ ಸೇರಬಹುದು. ಆದ್ದರಿಂದ ದೂರು ಯಾವುದೇ ಇರಲಿ, ಹುಡುಕಾಟ ಈ ಮೂರನೆಯದರಿಂದಲೇ ಶುರುವಾಗಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಮೊದಲು ಚೌಕಟ್ಟನ್ನು ಫೇಲ್ ಮಾಡಿಸಿ ನೋಡಿ

ಅಡಿಕೆ ಮಂಡಿಯಲ್ಲಿ ಮೂಟೆ ಇಳಿಸುವ ಮೊದಲು ತಿಳಿದ ತೂಕದ ಕಲ್ಲನ್ನು ತಕ್ಕಡಿಗೆ ಇಟ್ಟು ನೋಡುವ ಹಾಗೆ, ತಪ್ಪೆಂದು ಮೊದಲೇ ಗೊತ್ತಿರುವ ಟೆಸ್ಟುಗಳನ್ನು ಚೌಕಟ್ಟಿಗೆ ಕೊಟ್ಟು ನೋಡಬೇಕು. ನಾವು ಇದಕ್ಕೆಂದೇ ಒಂದು ಪ್ರತ್ಯೇಕ ಫೈಲ್ ಇಟ್ಟಿದ್ದೇವೆ. ಅದರಲ್ಲಿ 1 ಮತ್ತು 2 ಸಮ ಎನ್ನುವ ಟೆಸ್ಟ್ ಇದೆ. ನ್ಯಾನ್ (ಸಂಖ್ಯೆಯೇ ಅಲ್ಲದ ಒಂದು ಮೌಲ್ಯ, ಮುಂದೆ ವಿವರಿಸಿದ್ದೇನೆ) ಮತ್ತು 1 ಸಮ ಎನ್ನುವುದಿದೆ. ಖಾಲಿ ಅರೇಯನ್ನು (ಮೌಲ್ಯಗಳ ಸಾಲನ್ನು) ಹನ್ನೆರಡು ತಿಂಗಳ ಮಳೆಯ ಅರೇಗೆ ಹೋಲಿಸುವುದಿದೆ. ನಡುವೆಯೇ ಎರರ್ ಸ್ಟಾಪ್ (ದೋಷವೆಂದು ಸಾರಿ ಪ್ರೋಗ್ರಾಂ ನಿಲ್ಲಿಸುವ ಆದೇಶ) ಆಗಿ ಸಾಯುವುದೂ ಇದೆ. ಇವುಗಳಲ್ಲಿ ಒಂದೊಂದನ್ನೂ ಬೇರೆ ಬೇರೆಯಾಗಿ ಓಡಿಸಿ. ಒಂದಾದರೂ ಪಾಸಾಯಿತೋ, ಬಳಕೆದಾರರ ಟೆಸ್ಟುಗಳನ್ನು ನೋಡುವ ಅಗತ್ಯವೇ ಇಲ್ಲ. ದೋಷ ನಮ್ಮಲ್ಲಿದೆ.

ಪರದೆಯ ಮೇಲೆ ಬರುವ ಮಾತನ್ನು ಮಾತ್ರ ನೋಡಿದರೆ ಸಾಲದು. ಪ್ರೋಗ್ರಾಂ ಮುಗಿಯುವಾಗ ಆಪರೇಟಿಂಗ್ ಸಿಸ್ಟಮ್‌ಗೆ ಹಿಂದಿರುಗಿಸುವ ಎಕ್ಸಿಟ್ ಕೋಡ್ ಏನೆಂದು ನೋಡಬೇಕು. ಸೊನ್ನೆ ಬಂದರೆ ಎಲ್ಲ ಸರಿ, ಬೇರೆ ಯಾವ ಸಂಖ್ಯೆ ಬಂದರೂ ಏನೋ ತಪ್ಪಿದೆ ಎಂದರ್ಥ. ರಾತ್ರಿ ತಾನಾಗಿ ಓಡುವ ಸ್ಕ್ರಿಪ್ಟ್ ಓದುವುದು ಈ ಸಂಖ್ಯೆಯನ್ನೇ ಹೊರತು ನಾವು ಕಷ್ಟಪಟ್ಟು ಬರೆದ ಸಂದೇಶವನ್ನಲ್ಲ.

ಇಲ್ಲಿ ಫೋರ್ಟ್ರಾನಿನದೇ ಒಂದು ಹಳೆಯ ಗುಂಡಿ ಇದೆ. ಬರಿಯ ಸ್ಟಾಪ್ ಆದೇಶ ಸೊನ್ನೆಯನ್ನು ಹಿಂದಿರುಗಿಸುತ್ತದೆ. ಸ್ಟಾಪ್ ಮುಂದೆ ಉದ್ಧರಣ ಚಿಹ್ನೆಯೊಳಗೆ ‘ಟೆಸ್ಟ್ ಫೇಲಾಯಿತು’ ಎಂದು ಬರೆದರೂ ಜಿಫೋರ್ಟ್ರಾನ್ ಕಂಪೈಲರ್ ಹಿಂದಿರುಗಿಸುವುದು ಸೊನ್ನೆಯನ್ನೇ. ಸಂದೇಶ ಪರದೆಗೆ ಬರುತ್ತದೆ, ಸ್ಕ್ರಿಪ್ಟ್ ಮಾತ್ರ ಹಸಿರು ತೋರಿಸುತ್ತದೆ. 2008ರ ಮಾನಕದಲ್ಲಿ ಬಂದ ಎರರ್ ಸ್ಟಾಪ್ ಆದೇಶವನ್ನೇ ಬಳಸಬೇಕು.

ಇನ್ನೊಂದು ಗುಂಡಿ ಇದಕ್ಕಿಂತ ಆಳ. ಫೇಲಾದ ಟೆಸ್ಟುಗಳ ಎಣಿಕೆಯನ್ನೇ ಎಕ್ಸಿಟ್ ಕೋಡ್ ಆಗಿ ಕೊಡುವ ಚೌಕಟ್ಟುಗಳಿವೆ. ಅಚ್ಚುಕಟ್ಟಾದ ಉಪಾಯದಂತೆ ಕಾಣುತ್ತದೆ. ಆದರೆ ಲಿನಕ್ಸಿನಲ್ಲಿ ಈ ಕೋಡ್‌ಗೆ ಸಿಗುವುದು ಎಂಟು ಬಿಟ್ ಮಾತ್ರ, ಅಂದರೆ 0ಯಿಂದ 255ರವರೆಗೆ. 256 ಟೆಸ್ಟುಗಳು ಫೇಲಾದರೆ ಹಿಂದಿರುಗುವುದು ಸೊನ್ನೆ. ಯಾವುದೋ ಮೂಲ ಮಾಡ್ಯೂಲ್ ಮುರಿದು ಎಲ್ಲವೂ ಒಟ್ಟಿಗೆ ಬಿದ್ದ ದಿನವೇ ‘ಎಲ್ಲ ಸರಿ’ ಎಂಬ ಉತ್ತರ ಬರುವ ಸಾಧ್ಯತೆ ಇದು. ಎಷ್ಟೇ ಫೇಲಾಗಲಿ, ಕೋಡ್ 1 ಮಾತ್ರ ಕೊಡಿ. ಎಣಿಕೆಯನ್ನು ಸಂದೇಶದಲ್ಲಿ ಬರೆಯಿರಿ.

ಕೋಡ್ ಸರಿಯಾಗಿದ್ದೂ ಸ್ಕ್ರಿಪ್ಟ್ ಅದನ್ನು ಕಾಣದೇ ಇರಬಹುದು. ಟೆಸ್ಟಿನ ಔಟ್‌ಪುಟ್ಟನ್ನು ಪೈಪ್ ಮೂಲಕ, ಪರದೆಗೂ ಫೈಲಿಗೂ ಒಟ್ಟಿಗೆ ಬರೆಯುವ ಟೀ ಆದೇಶಕ್ಕೆ ಹರಿಸಿ ಲಾಗ್ ಫೈಲ್ ಉಳಿಸಿಕೊಳ್ಳುವುದು ಎಲ್ಲರ ರೂಢಿ. ಆಗ ಶೆಲ್ (ಆದೇಶಗಳನ್ನು ಓಡಿಸುವ ಪ್ರೋಗ್ರಾಂ) ನೋಡುವುದು ಸಾಲಿನ ಕೊನೆಯ ಆದೇಶದ ಕೋಡನ್ನು, ಅಂದರೆ ಟೀ ಕೊಟ್ಟದ್ದನ್ನು. ಟೀ ತನ್ನ ಕೆಲಸವನ್ನು ಸರಿಯಾಗಿ ಮಾಡಿರುತ್ತದೆ, ಸೊನ್ನೆ ಕೊಡುತ್ತದೆ. ಬ್ಯಾಷ್ ಸ್ಕ್ರಿಪ್ಟಿನ ಆರಂಭದಲ್ಲಿ ಪೈಪ್‌ಫೇಲ್ ಆಯ್ಕೆಯನ್ನು ಹಾಕಿದರೆ ಮುಗಿಯಿತು.

ನ್ಯಾನ್: ಫೆಬ್ರುವರಿಯ ಮಳೆ

ಮಲೆನಾಡಿನ ಮಳೆಯ ಲೆಕ್ಕ ಮಾಡುವವರಿಗೆ ಅತಿ ಹೆಚ್ಚು ಕಾಟ ಕೊಡುವ ದೋಷ ಇದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಬಿದ್ದ ಮಳೆಯಲ್ಲಿ ಎಷ್ಟು ಪಾಲು ಹೊಳೆಗೆ ಹರಿಯಿತು ಎಂದು ಲೆಕ್ಕ ಹಾಕುವ ಒಂದು ಫಂಕ್ಷನ್ ಇದೆ ಎಂದುಕೊಳ್ಳಿ. ಹರಿದ ನೀರನ್ನು ಬಿದ್ದ ಮಳೆಯಿಂದ ಭಾಗಿಸುತ್ತದೆ. ಜೂನ್, ಜುಲೈ ತಿಂಗಳ ಅಂಕಿಗಳಿಗೆ ಟೆಸ್ಟ್ ನಿಜವಾಗಿಯೇ ಪಾಸಾಗುತ್ತದೆ. ಫೆಬ್ರುವರಿಯಲ್ಲಿ ಮಳೆ ಸೊನ್ನೆ, ಹಳ್ಳ ಬತ್ತಿದ್ದರೆ ಹರಿವೂ ಸೊನ್ನೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಬರುವುದು ನ್ಯಾನ್, ಅಂದರೆ ಸಂಖ್ಯೆಯೇ ಅಲ್ಲದ ಒಂದು ಮೌಲ್ಯ. ಫೋರ್ಟ್ರಾನ್ ಸಾಮಾನ್ಯವಾಗಿ ಇಲ್ಲಿ ನಿಲ್ಲುವುದಿಲ್ಲ, ಸದ್ದಿಲ್ಲದೆ ಮುಂದುವರಿಯುತ್ತದೆ.

ಈಗ ಚೌಕಟ್ಟಿನ ಹೋಲಿಕೆಯ ಸಾಲನ್ನು ನೋಡಿ. ಉತ್ತರದಲ್ಲಿ ಎಷ್ಟು ವ್ಯತ್ಯಾಸವನ್ನು ಒಪ್ಪಬಹುದು ಎಂಬ ಮಿತಿಯೇ ಟಾಲರೆನ್ಸ್. ‘ವ್ಯತ್ಯಾಸ ಟಾಲರೆನ್ಸಿಗಿಂತ ದೊಡ್ಡದಾಗಿದ್ದರೆ ಫೇಲ್ ಮಾಡು’ ಎಂದು ಬರೆದಿದ್ದರೆ, ಅಲ್ಲಿಯೇ ದೋಷ. ಐಇಇಇ 754 ಮಾನಕದ ಪ್ರಕಾರ ನ್ಯಾನ್ ಯಾವ ಸಂಖ್ಯೆಗಿಂತಲೂ ದೊಡ್ಡದಲ್ಲ, ಚಿಕ್ಕದಲ್ಲ, ಸಮವೂ ಅಲ್ಲ. ‘ದೊಡ್ಡದೇ?’ ಎಂದು ಕೇಳಿದರೆ ‘ಅಲ್ಲ’ ಎಂಬ ಉತ್ತರ ಬರುತ್ತದೆ, ಫೇಲ್ ಮಾಡುವ ಸಾಲಿಗೆ ಪ್ರೋಗ್ರಾಂ ಹೋಗುವುದೇ ಇಲ್ಲ, ಟೆಸ್ಟ್ ಪಾಸು. ಪ್ರಶ್ನೆಯನ್ನು ತಿರುಗಿಸಿ ಬರೆಯಬೇಕು: ‘ವ್ಯತ್ಯಾಸ ಟಾಲರೆನ್ಸಿನ ಒಳಗಿದ್ದರೆ ಮಾತ್ರ ಪಾಸ್, ಉಳಿದದ್ದೆಲ್ಲ ಫೇಲ್.’ ಗಣಿತದ ಕಣ್ಣಿಗೆ ಎರಡೂ ಒಂದೇ ಮಾತು. ಕಂಪ್ಯೂಟರಿನಲ್ಲಿ ಒಂದು ಬಾಗಿಲು ತೆರೆದಿದೆ, ಇನ್ನೊಂದು ಮುಚ್ಚಿದೆ.

ಅರೇಗಳಲ್ಲಿ ಇದೇ ದೋಷ ಬೇರೆ ವೇಷದಲ್ಲಿ ಬರುತ್ತದೆ. ಎರಡು ಅರೇಗಳ ವ್ಯತ್ಯಾಸದಲ್ಲಿ ಅತಿ ದೊಡ್ಡದನ್ನು ಮ್ಯಾಕ್ಸ್‌ವಾಲ್ ಫಂಕ್ಷನ್ನಿನಿಂದ ತೆಗೆದು ಟಾಲರೆನ್ಸಿಗೆ ಹೋಲಿಸುವುದು ಸಾಮಾನ್ಯ ರೂಢಿ. ಜಿಫೋರ್ಟ್ರಾನಿನ ಮ್ಯಾಕ್ಸ್‌ವಾಲ್ ಅರೇಯೊಳಗಿನ ನ್ಯಾನ್‌ಗಳನ್ನು ಬದಿಗಿಟ್ಟು ಉಳಿದ ಸಂಖ್ಯೆಗಳಲ್ಲಿ ದೊಡ್ಡದನ್ನು ಕೊಡುತ್ತದೆ. ಹನ್ನೆರಡು ತಿಂಗಳಲ್ಲಿ ಎರಡು ತಿಂಗಳು ನ್ಯಾನ್ ಆಗಿದ್ದರೂ ಉಳಿದ ಹತ್ತು ಸರಿಯಿದ್ದರೆ ಹಸಿರು. ಇದರ ಬದಲು ಪ್ರತಿ ಅಂಶವೂ ಟಾಲರೆನ್ಸಿನೊಳಗೆ ಇದೆಯೇ ಎಂದು ಆಲ್ ಫಂಕ್ಷನ್ನಿನಿಂದ ಕೇಳಿ.

ಆಲ್ ಬಳಸಿದ ಮೇಲೆ ಇನ್ನೊಂದು ಎಚ್ಚರ ಬೇಕು. ಖಾಲಿ ಅರೇಯ ಮೇಲೆ ಆಲ್ ಕೇಳಿದರೆ ಉತ್ತರ ‘ನಿಜ’. ಒಂದೂ ಅಂಶವಿಲ್ಲದ ಕಡೆ ಒಂದೂ ತಪ್ಪಿಲ್ಲ ಎನ್ನುವುದು ತರ್ಕಕ್ಕೆ ಸರಿ. ಆದರೆ ಮಳೆಯ ಫೈಲ್ ಸಿಗದೆ, ಓದುವ ಸಬ್‌ರೂಟೀನ್ ಖಾಲಿ ಅರೇ ಹಿಂದಿರುಗಿಸಿದಾಗ ಇಡೀ ಟೆಸ್ಟ್ ಹಾಯಾಗಿ ಪಾಸಾಗುವುದು ಈ ದಾರಿಯಲ್ಲೇ. ಹೋಲಿಕೆಗೆ ಮುನ್ನ ಎರಡೂ ಅರೇಗಳ ಅಳತೆ ಒಂದೇ ಇದೆಯೇ, ಸೊನ್ನೆಗಿಂತ ಹೆಚ್ಚಿದೆಯೇ ಎಂದು ಚೌಕಟ್ಟೇ ಪರಿಶೀಲಿಸಬೇಕು. ಖಾಲಿ ಅರೇಯೇ ಸರಿಯಾದ ಉತ್ತರವಾಗಿರುವ ಅಪರೂಪದ ಟೆಸ್ಟಿಗೆ ಬೇರೆ ಹೆಸರಿನ ಅಸರ್ಟ್ (ಹೋಲಿಸಿ ತೀರ್ಪು ಕೊಡುವ ಸಬ್‌ರೂಟೀನ್) ಕೊಡಿ.

ಇಷ್ಟೆಲ್ಲ ಮಾಡಿದರೂ ನ್ಯಾನ್ ತಪ್ಪಿಸಿಕೊಳ್ಳುತ್ತಿದ್ದರೆ ಕಂಪೈಲರಿಗೆ ಕೊಟ್ಟ ಆಯ್ಕೆಗಳನ್ನು ನೋಡಿ. ಲೆಕ್ಕದ ವೇಗ ಹೆಚ್ಚಿಸುವ ಓ-ಫಾಸ್ಟ್ ಅಥವಾ ಫಾಸ್ಟ್-ಮ್ಯಾತ್ ಇದ್ದರೆ, ‘ಈ ಪ್ರೋಗ್ರಾಮಿನಲ್ಲಿ ನ್ಯಾನ್ ಬರುವುದೇ ಇಲ್ಲ’ ಎಂದು ನಾವು ಕಂಪೈಲರಿಗೆ ಮಾತು ಕೊಟ್ಟಂತೆ. ಅದು ನಮ್ಮ ಮಾತನ್ನು ನಂಬಿ, ನ್ಯಾನ್ ಪತ್ತೆ ಮಾಡುವ ಸಾಲನ್ನೇ ಅಳಿಸಿಹಾಕಬಹುದು. ಬಳಕೆದಾರರು ತಮ್ಮ ಕೋಡನ್ನು ಹೇಗಾದರೂ ಕಂಪೈಲ್ ಮಾಡಿಕೊಳ್ಳಲಿ, ಚೌಕಟ್ಟಿನ ಅಸರ್ಟ್ ಮಾಡ್ಯೂಲನ್ನು ಮಾತ್ರ ಈ ಆಯ್ಕೆಗಳಿಲ್ಲದೆ ಬೇರೆಯಾಗಿ ಕಂಪೈಲ್ ಮಾಡಬೇಕು. ನಮ್ಮ ಮೇಕ್‌ಫೈಲ್ (ಏನನ್ನು ಹೇಗೆ ಕಂಪೈಲ್ ಮಾಡಬೇಕೆಂದು ಮೇಕ್ ಎಂಬ ಸಾಧನಕ್ಕೆ ಹೇಳುವ ಫೈಲ್) ಇದನ್ನು ಬಲವಂತವಾಗಿ ಮಾಡುತ್ತದೆ. ದಯವಿಟ್ಟು ಆ ಸಾಲನ್ನು ತೆಗೆಯಬೇಡಿ.

ನ್ಯಾನ್ ಎಲ್ಲಿ ಹುಟ್ಟಿತು ಎಂದು ತಿಳಿಯಲು ಸುಲಭದ ದಾರಿಯೂ ಇದೆ. ಜಿಫೋರ್ಟ್ರಾನಿನಲ್ಲಿ ಎಫ್‌ಪಿಇ-ಟ್ರ್ಯಾಪ್ ಆಯ್ಕೆಗೆ ಇನ್‌ವ್ಯಾಲಿಡ್, ಝೀರೋ, ಓವರ್‌ಫ್ಲೋ ಮೂರನ್ನೂ ಕೊಟ್ಟು, ಡಿಬಗ್ ಮಾಹಿತಿಯೊಂದಿಗೆ ಕಂಪೈಲ್ ಮಾಡಿದರೆ ನ್ಯಾನ್ ಹುಟ್ಟಿದ ಸಾಲಿನಲ್ಲೇ ಪ್ರೋಗ್ರಾಂ ನಿಂತು ಸಾಲಿನ ಸಂಖ್ಯೆ ಹೇಳುತ್ತದೆ. ಅಷ್ಟು ಮಾಡಲು ಪುರುಸೊತ್ತಿಲ್ಲದಿದ್ದರೆ, ಸ್ಟಾಪ್ ಆಗುವಾಗ ಕೊನೆಯಲ್ಲಿ ಫ್ಲೋಟಿಂಗ್ ಪಾಯಿಂಟ್ ಎಕ್ಸೆಪ್ಷನ್‌ಗಳ ಬಗ್ಗೆ ಬರುವ ಟಿಪ್ಪಣಿಯನ್ನಾದರೂ ಓದಿ. ಹಲವರು ಅದನ್ನು ಕಸವೆಂದು ಬಿಟ್ಟುಬಿಡುತ್ತಾರೆ. ಅದರಲ್ಲಿ ಇನ್‌ವ್ಯಾಲಿಡ್ ಎಂಬ ಧ್ವಜದ ಹೆಸರು ಕಂಡರೆ ಎಲ್ಲೋ ಒಂದು ಕಡೆ ಅರ್ಥವಿಲ್ಲದ ಲೆಕ್ಕ ನಡೆದಿದೆ ಎಂದು ತಿಳಿಯಿರಿ.

ಓಡದೇ ಉಳಿದ ಟೆಸ್ಟುಗಳು

ಫೋರ್ಟ್ರಾನ್ ತನ್ನ ಸಬ್‌ರೂಟೀನ್‌ಗಳನ್ನು ತಾನೇ ಹುಡುಕಿಕೊಳ್ಳಲಾರದು. ಟೆಸ್ಟ್ ಬರೆದ ಮೇಲೆ ಪಟ್ಟಿಗೆ ಸೇರಿಸಲೇಬೇಕು. ಪಿಎಫ್‌ಯೂನಿಟ್‌ನಂಥ ಚೌಕಟ್ಟುಗಳು ಪೈಥಾನಿನ ಪೂರ್ವಸಂಸ್ಕರಣೆಯಿಂದ ಈ ಕೆಲಸ ಮಾಡಿಸುತ್ತವೆ, ನಮ್ಮಲ್ಲಿ ಕೈಯಿಂದಲೇ ಮಾಡಬೇಕು. ಸೇರಿಸುವುದು ಮರೆತರೆ ಟೆಸ್ಟ್ ಇದ್ದೂ ಇಲ್ಲದಂತೆ. ಫೈಲಿನಲ್ಲಿ ಟೆಸ್ಟ್ ಎಂದು ಶುರುವಾಗುವ ಸಬ್‌ರೂಟೀನ್‌ಗಳ ಸಂಖ್ಯೆಯನ್ನು, ಫೈಲಿನಲ್ಲಿ ಪದ ಹುಡುಕುವ ಗ್ರೆಪ್ ಆದೇಶದಿಂದ ಎಣಿಸಿ, ಓಡಿದ ಟೆಸ್ಟುಗಳ ಸಂಖ್ಯೆಗೆ ತಾಳೆ ನೋಡುವ ಸಾಲು ನಮ್ಮ ಸ್ಕ್ರಿಪ್ಟಿನಲ್ಲಿದೆ. ಎರಡೂ ಹೊಂದದಿದ್ದರೆ ಕೆಂಪು.

ಕೆಂಪು ಬಂದಾಗ: ವ್ಯತ್ಯಾಸದ ಗಾತ್ರ ನೋಡಿ

ಟೆಸ್ಟ್ ಫೇಲಾದ ಕೂಡಲೇ ಟಾಲರೆನ್ಸ್ ಹೆಚ್ಚಿಸಿ ಹಸಿರು ಮಾಡಿಕೊಳ್ಳುವ ಅಭ್ಯಾಸ ಬಹಳ ಹರಡಿದೆ. ಅದನ್ನು ನಾನು ಒಪ್ಪುವುದಿಲ್ಲ. ಬಂದ ಉತ್ತರಕ್ಕೂ ನಿರೀಕ್ಷಿಸಿದ ಉತ್ತರಕ್ಕೂ ಇರುವ ಸಾಪೇಕ್ಷ ವ್ಯತ್ಯಾಸ ಎಷ್ಟಿದೆ ಎನ್ನುವುದರಿಂದಲೇ ದೋಷ ಎಲ್ಲಿಯದೆಂದು ಬಹುಮಟ್ಟಿಗೆ ಹೇಳಬಹುದು.

ಸಾಪೇಕ್ಷ ವ್ಯತ್ಯಾಸ 10⁻⁸ ಅಥವಾ 10⁻⁷ರ ಆಸುಪಾಸಿನಲ್ಲಿದ್ದರೆ ಎಲ್ಲೋ ಸಿಂಗಲ್ ಪ್ರಿಸಿಷನ್ (ಸುಮಾರು ಏಳು ಅಂಕಿಗಳಷ್ಟೇ ನಿಖರವಾದ ಸಂಖ್ಯಾರೂಪ) ನುಸುಳಿದೆ. ಹಳೆಯ ಮಳೆ ದಾಖಲೆಗಳು ಇಂಚಿನಲ್ಲಿರುತ್ತವೆ, 25.4ರಿಂದ ಗುಣಿಸಿ ಮಿಲಿಮೀಟರ್ ಮಾಡುತ್ತೇವೆ. ಆಗುಂಬೆಯ ಸರಾಸರಿ ವಾರ್ಷಿಕ ಮಳೆ ಸುಮಾರು 7,600 ಮಿಲಿಮೀಟರ್, ಅಂದರೆ ಹತ್ತಿರಹತ್ತಿರ 300 ಇಂಚು. 300ನ್ನು 25.4ರಿಂದ ಗುಣಿಸಿದರೆ 7620 ಬರಬೇಕು. ಎಲ್ಲ ವೇರಿಯಬಲ್‌ಗಳನ್ನೂ ಡಬಲ್ (ಸುಮಾರು ಹದಿನಾರು ಅಂಕಿಗಳಷ್ಟು ನಿಖರ) ಎಂದು ಘೋಷಿಸಿದ್ದರೂ ಕೋಡಿನಲ್ಲಿ ಬರಿಯ 25.4 ಎಂದು ಬರೆದಿದ್ದರೆ ಬರುವುದು 7619.99989. ಫೋರ್ಟ್ರಾನಿನಲ್ಲಿ ಬಾಲವಿಲ್ಲದ (ಕೊನೆಯಲ್ಲಿ ನಿಖರತೆಯ ಗುರುತಿಲ್ಲದ) ದಶಮಾಂಶ ಸಂಖ್ಯೆ ಸಿಂಗಲ್ ಪ್ರಿಸಿಷನ್ನಿನದು. 25.4 ಎಂದು ಬರೆದದ್ದು ಯಂತ್ರದೊಳಗೆ 25.3999996 ಆಗಿ ಕೂತಿರುತ್ತದೆ, ಆಮೇಲೆ ಡಬಲ್‌ಗೆ ಹಾಕಿದರೂ ಕಳೆದುಹೋದ ಅಂಕಿಗಳು ಮರಳುವುದಿಲ್ಲ. ಸಂಖ್ಯೆಯ ಹಿಂದೆ ಡಬಲ್ ಪ್ರಿಸಿಷನ್ನಿನ ಕೈಂಡ್ ಬಾಲವನ್ನು ಅಂಟಿಸುವುದೇ ಪರಿಹಾರ. ಟೆಸ್ಟಿನ ನಿರೀಕ್ಷಿತ ಉತ್ತರವನ್ನೂ ಅದೇ ಬಾಲವಿಲ್ಲದ 25.4ರಿಂದ ಲೆಕ್ಕ ಹಾಕಿದ್ದರೆ ಎರಡೂ ಕಡೆ ಒಂದೇ ತಪ್ಪಾಗಿ ಹಸಿರು ಬರುತ್ತದೆ. ಆದ್ದರಿಂದ ನಿರೀಕ್ಷಿತ ಉತ್ತರವನ್ನು ಕೈಲೆಕ್ಕದಿಂದ ತಂದು ಬರೆಯಿರಿ, ಕೋಡಿನಿಂದ ನಕಲು ಮಾಡಬೇಡಿ.

ವ್ಯತ್ಯಾಸ 10⁻¹⁶ ಅಥವಾ 10⁻¹⁵ರ ಮಟ್ಟದಲ್ಲಿದ್ದು, ಒಂದು ಕಂಪ್ಯೂಟರಿನಲ್ಲಿ ಪಾಸಾಗಿ ಇನ್ನೊಂದರಲ್ಲಿ ಫೇಲಾದರೆ ಅದು ಸಾಮಾನ್ಯವಾಗಿ ಯಾರ ತಪ್ಪೂ ಅಲ್ಲ. ಡಬಲ್ ಪ್ರಿಸಿಷನ್ನಿನ ಎಪ್ಸಿಲಾನ್, ಅಂದರೆ 1ಕ್ಕೂ ಅದರ ಮುಂದಿನ ಸಂಖ್ಯೆಗೂ ಇರುವ ಅಂತರ, 2.22×10⁻¹⁶. ಹೊಸ ಪ್ರೊಸೆಸರುಗಳು ಗುಣಾಕಾರ ಮತ್ತು ಕೂಡುವಿಕೆಯನ್ನು ಒಂದೇ ಹೆಜ್ಜೆಯಲ್ಲಿ, ಒಂದೇ ಬಾರಿ ದುಂಡಾಗಿಸಿ ಮುಗಿಸುತ್ತವೆ. ಇಂಟೆಲ್‌ನಲ್ಲಿ ಈ ಎಫ್‌ಎಂಎ ಸೌಲಭ್ಯ ಬಂದದ್ದು 2013ರ ಹ್ಯಾಸ್‌ವೆಲ್ ಪೀಳಿಗೆಯಿಂದ. ಪ್ರಯೋಗಾಲಯದ ಹಳೆಯ ಡೆಸ್ಕ್‌ಟಾಪ್ ಎರಡು ಬಾರಿ ದುಂಡಾಗಿಸುತ್ತದೆ, ವಿದ್ಯಾರ್ಥಿಯ ಹೊಸ ಲ್ಯಾಪ್‌ಟಾಪ್ ತನ್ನ ಪ್ರೊಸೆಸರಿಗೆ ತಕ್ಕಂತೆ ಕಂಪೈಲ್ ಮಾಡಿದಾಗ ಒಂದೇ ಬಾರಿ. ಇದನ್ನು ನಿಯಂತ್ರಿಸುವ ಎಫ್‌ಪಿ-ಕಾಂಟ್ರ್ಯಾಕ್ಟ್ ಆಯ್ಕೆಯನ್ನು ಆಫ್ ಮಾಡಿ ಓಡಿಸಿ ನೋಡಿ. ಉತ್ತರಗಳು ಹೊಂದಿದರೆ ಕಾರಣ ಸಿಕ್ಕಿತು. ಆಗ ಟಾಲರೆನ್ಸನ್ನು ಕೆಲವು ಎಪ್ಸಿಲಾನ್‌ಗಳಷ್ಟು ಸಡಿಲಿಸಬಹುದು, ಯಾಕೆ ಸಡಿಲಿಸಿದ್ದೆಂದು ಪಕ್ಕದಲ್ಲೇ ಒಂದು ಸಾಲು ಬರೆಯಬೇಕು.

ವ್ಯತ್ಯಾಸ ಸಾವಿರಕ್ಕೆ ಒಂದರಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ದುಂಡಾಗಿಸುವಿಕೆಯನ್ನು ದೂರಬೇಡಿ. ಲೆಕ್ಕದಲ್ಲಿಯೇ ತಪ್ಪಿದೆ.

ಗಾತ್ರದ ಮಾತಿಗೆ ಒಂದು ಅಪವಾದವಿದೆ, ಅದು ನಮ್ಮ ಜಲಾಶಯಗಳ ಲೆಕ್ಕದಲ್ಲೇ ಬರುತ್ತದೆ. ಲಿಂಗನಮಕ್ಕಿಯ ಸಾಮರ್ಥ್ಯ ಸುಮಾರು 150 ಟಿಎಂಸಿ, ಅಂದರೆ ಸುಮಾರು 425 ಕೋಟಿ ಘನ ಮೀಟರ್. ಸಿಂಗಲ್ ಪ್ರಿಸಿಷನ್ನಿನಲ್ಲಿ ಇಷ್ಟು ದೊಡ್ಡ ಸಂಖ್ಯೆಗಳಲ್ಲಿ ಒಂದು ಸಂಖ್ಯೆಗೂ ಅದರ ಪಕ್ಕದ ಸಂಖ್ಯೆಗೂ 256 ಘನ ಮೀಟರ್ ಅಂತರ. ನೂರು ಘನ ಮೀಟರ್ ಒಳಹರಿವನ್ನು ಕೂಡಿಸಿದರೆ ಮೊತ್ತ ಕದಲುವುದೇ ಇಲ್ಲ. ಸಾವಿರ ಬಾರಿ ಕೂಡಿಸಿದರೂ ಇದ್ದಲ್ಲೇ ಇರುತ್ತದೆ. ಒಂದು ಲಕ್ಷ ಘನ ಮೀಟರ್ ನೀರು ಲೆಕ್ಕದಿಂದ ಮಾಯವಾದರೂ ಒಟ್ಟು ಸಂಗ್ರಹಕ್ಕೆ ಹೋಲಿಸಿದ ಸಾಪೇಕ್ಷ ವ್ಯತ್ಯಾಸ ಅತ್ಯಲ್ಪ, ಟೆಸ್ಟ್ ಪಾಸು. ಆದ್ದರಿಂದ ಸಂಗ್ರಹವನ್ನಲ್ಲ, ಸಂಗ್ರಹದಲ್ಲಾದ ಬದಲಾವಣೆಯನ್ನು ಟೆಸ್ಟ್ ಮಾಡಿ. ಘನ ಮೀಟರನ್ನು ಪೂರ್ಣಾಂಕದಲ್ಲಿ ಇಡುವವರಿಗೂ ಒಂದು ಮಾತು: 32 ಬಿಟ್‌ನ ಪೂರ್ಣಾಂಕ 214 ಕೋಟಿಯ ಆಚೆ ಹೋಗಲಾರದು, ಲಿಂಗನಮಕ್ಕಿಯ ಅರ್ಧದಷ್ಟು ನೀರಿಗೇ ಅದು ಉಕ್ಕಿ ಋಣ ಸಂಖ್ಯೆಯಾಗಿಬಿಡಬಹುದು.

ನಿರೀಕ್ಷಿತ ಉತ್ತರವೇ ಸೊನ್ನೆಯಾಗಿದ್ದಾಗ ಸಾಪೇಕ್ಷ ಟಾಲರೆನ್ಸ್ ಕೆಲಸಕ್ಕೆ ಬಾರದು. ಸೊನ್ನೆಯ ಯಾವ ಪಾಲು ತೆಗೆದರೂ ಸೊನ್ನೆಯೇ. ನೀರಿನ ಸಮತೋಲನದ ಶೇಷಕ್ಕೆ ಯಾವಾಗಲೂ ನಿರಪೇಕ್ಷ ಟಾಲರೆನ್ಸ್ ಕೊಡಿ, ಅದನ್ನು ಭೌತಿಕ ಅರ್ಥದಿಂದ ನಿರ್ಧರಿಸಿ: ಎಷ್ಟು ಮಿಲಿಮೀಟರ್ ತಪ್ಪಿದರೆ ನಿಮಗೆ ತೊಂದರೆಯಿಲ್ಲ?

ಒಂಟಿಯಾಗಿ ಓಡಿದರೆ ಪಾಸು, ಗುಂಪಿನಲ್ಲಿ ಫೇಲು

ಹೀಗಾದರೆ ಮೊದಲು ಟೆಸ್ಟುಗಳ ಕ್ರಮವನ್ನು ಹಿಂದುಮುಂದು ಮಾಡಿ ಓಡಿಸಿ. ಫಲಿತಾಂಶ ಬದಲಾದರೆ ಒಂದು ಟೆಸ್ಟ್ ಇನ್ನೊಂದಕ್ಕೆ ಏನನ್ನೋ ಉಳಿಸಿ ಹೋಗುತ್ತಿದೆ. ಫೋರ್ಟ್ರಾನಿನಲ್ಲಿ ಇದರ ಮೊದಲ ಆರೋಪಿ ಘೋಷಣೆಯಲ್ಲಿಯೇ ಮೌಲ್ಯ ಕೊಟ್ಟ ಸ್ಥಳೀಯ ವೇರಿಯಬಲ್. ಸಬ್‌ರೂಟೀನಿನೊಳಗೆ ‘ಮಣ್ಣಿನ ತೇವ = 0’ ಎಂದು ಘೋಷಣೆಯ ಸಾಲಿನಲ್ಲೇ ಬರೆದರೆ, ಸಿ ಭಾಷೆ ಕಲಿತವರು ಪ್ರತಿ ಬಾರಿಯೂ ಸೊನ್ನೆಯಿಂದ ಶುರುವಾಗುತ್ತದೆ ಎಂದುಕೊಳ್ಳುತ್ತಾರೆ. ಫೋರ್ಟ್ರಾನ್ ಅದಕ್ಕೆ ತಾನಾಗಿ ಸೇವ್ ಗುಣ ಕೊಡುತ್ತದೆ. ಸೊನ್ನೆ ಸಿಗುವುದು ಮೊದಲ ಕರೆಗೆ ಮಾತ್ರ, ಎರಡನೆಯ ಕರೆಗೆ ಹಿಂದಿನ ಮೌಲ್ಯವೇ ಇರುತ್ತದೆ. ಜುಲೈ ಟೆಸ್ಟಿನ ತೇವ ಡಿಸೆಂಬರ್ ಟೆಸ್ಟಿಗೆ ಹೀಗೆ ಹರಿದು ಬರುತ್ತದೆ. ಘೋಷಣೆಯ ಸಾಲುಗಳಲ್ಲಿ ಸಮ ಚಿಹ್ನೆ ಇರುವಂಥವನ್ನು ಗ್ರೆಪ್‌ನಿಂದ ಹುಡುಕಿ, ಪ್ಯಾರಾಮೀಟರ್ (ಎಂದೂ ಬದಲಾಗದ ಮೌಲ್ಯ) ಅಲ್ಲದ ಪ್ರತಿಯೊಂದನ್ನೂ ಅನುಮಾನಿಸಿ. ಮೌಲ್ಯ ಕೊಡುವುದನ್ನು ಕೆಳಗಿನ ಪ್ರತ್ಯೇಕ ಸಾಲಿಗೆ ಇಳಿಸಿದರೆ ದೋಷ ಹೋಗುತ್ತದೆ.

ಕರೆಂಟು ಹೋದ ಮೇಲೆ ವಿಚಿತ್ರವಾದರೆ

ಇದು ಎಲ್ಲ ಕೈಪಿಡಿಗಳಲ್ಲೂ ಇರುವ ವಿಷಯವಲ್ಲ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದು, ಒಂದೆರಡು ದಿನ ಕರೆಂಟಿಲ್ಲದೆ ಕೂರುವ ಊರುಗಳಲ್ಲಿ ಕೆಲಸ ಮಾಡುವವರಿಗೆ ಮಾತ್ರ ಬೇಕಾದದ್ದು.

ಹೊಸನಗರ ಕಡೆಯ ಒಬ್ಬ ವಿದ್ಯಾರ್ಥಿ ಫೋನ್ ಮಾಡಿದ್ದ. “ಮೇಡಂ, ಕೋಡಿನಲ್ಲಿ ಬೇಕೆಂದೇ ತಪ್ಪು ಮಾಡಿದ್ದೇನೆ, ಆದರೂ ಎಲ್ಲ ಟೆಸ್ಟುಗಳೂ ಪಾಸಾಗುತ್ತಿವೆ. ಚೌಕಟ್ಟು ಕೆಟ್ಟಿದೆಯೇ?”

“ಮೇಕ್ ಓಡಿಸಿದಾಗ ಏನಾದರೂ ಎಚ್ಚರಿಕೆ ಬಂತೇನಪ್ಪ?”

“ಗಡಿಯಾರದ ಬಗ್ಗೆ ಏನೋ ಬಂತು ಮೇಡಂ. ಅದು ಮುಖ್ಯ ಎಂದುಕೊಳ್ಳಲಿಲ್ಲ.”

“ಪರದೆಯ ಮೂಲೆಯಲ್ಲಿ ತಾರೀಕು ಎಷ್ಟಿದೆ ನೋಡು.”

ತಾರೀಕು ಹಲವು ವರ್ಷ ಹಿಂದಿನದಾಗಿತ್ತು. ಹಳೆಯ ಕಂಪ್ಯೂಟರಿನ ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಸಿಆರ್2032 ಬ್ಯಾಟರಿ ಇರುತ್ತದೆ. ಕರೆಂಟಿಲ್ಲದಾಗ ಗಡಿಯಾರವನ್ನು ನಡೆಸುವುದು ಅದರ ಕೆಲಸ. ಅದು ಸತ್ತಿದ್ದರೆ, ಕರೆಂಟು ಹೋಗಿ ಬಂದಾಗಲೆಲ್ಲ ಕಂಪ್ಯೂಟರ್ ಯಾವುದೋ ಹಳೆಯ ತಾರೀಕಿನಿಂದ ಶುರುವಾಗುತ್ತದೆ. ಇಂಟರ್ನೆಟ್ ಇದ್ದರೆ ಸಮಯ ತಾನಾಗಿ ಸರಿಯಾಗಬಹುದು, ಆದರೆ ಕರೆಂಟು ಹೋದ ದಿನ ನೆಟ್‌ವರ್ಕೂ ಇರುವುದಿಲ್ಲ. ಈಗ ಆತ ಫೈಲ್ ತಿದ್ದಿ ಉಳಿಸುತ್ತಾನೆ, ಅದರ ಮೇಲೆ ಹಳೆಯ ತಾರೀಕು ಬೀಳುತ್ತದೆ. ಹೋದ ವಾರ ಕಂಪೈಲ್ ಆದ ಆಬ್ಜೆಕ್ಟ್ ಫೈಲಿನ ತಾರೀಕು ಅದಕ್ಕಿಂತ ಹೊಸದು. ಮೇಕ್ ತಾರೀಕುಗಳನ್ನು ಮಾತ್ರ ಹೋಲಿಸುತ್ತದೆ: ಆಬ್ಜೆಕ್ಟ್ ಹೊಸದಿದೆ, ಮತ್ತೆ ಕಂಪೈಲ್ ಮಾಡುವ ಅಗತ್ಯವಿಲ್ಲ. ಆತ ಏನು ತಿದ್ದಿದರೂ ಓಡುವುದು ಹೋದ ವಾರದ ಕೋಡು. ಮೇಕ್ ಇದನ್ನು ಎಚ್ಚರಿಕೆಯಲ್ಲಿ ಹೇಳಿಯೂ ಇತ್ತು: ಫೈಲಿನ ತಾರೀಕು ಭವಿಷ್ಯದ್ದು, ಬಿಲ್ಡ್ ಅಪೂರ್ಣವಾಗಿರಬಹುದು ಎಂದು.

ತಾರೀಕು ಸರಿಪಡಿಸಿ, ಎಲ್ಲ ಆಬ್ಜೆಕ್ಟ್ ಮತ್ತು ಮಾಡ್ಯೂಲ್ ಫೈಲುಗಳನ್ನು ಅಳಿಸಿ, ಮೊದಲಿನಿಂದ ಕಂಪೈಲ್ ಮಾಡಿ. ಆಮೇಲೆ ಬ್ಯಾಟರಿ ಬದಲಿಸಿ, ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುತ್ತದೆ. ಈ ಘಟನೆಯ ನಂತರ ನಮ್ಮ ಸ್ಕ್ರಿಪ್ಟ್ ಮೇಕ್‌ನ ಗಡಿಯಾರದ ಎಚ್ಚರಿಕೆ ಕಂಡರೆ ಟೆಸ್ಟುಗಳನ್ನೇ ಓಡಿಸದೆ ನಿಲ್ಲುತ್ತದೆ.

ಕಂಪೈಲ್ ಆಗುತ್ತಿರುವಾಗಲೇ ಕರೆಂಟು ಹೋದರೆ ಆಬ್ಜೆಕ್ಟ್ ಫೈಲ್ ಖಾಲಿಯಾಗಿಯೋ ಅರ್ಧವಾಗಿಯೋ ಉಳಿಯಬಹುದು. ಅದು ಅಷ್ಟು ಅಪಾಯದ್ದಲ್ಲ, ಆಬ್ಜೆಕ್ಟ್ ಫೈಲುಗಳನ್ನು ಜೋಡಿಸುವ ಲಿಂಕರ್ ಗಟ್ಟಿಯಾಗಿಯೇ ಕೂಗುತ್ತದೆ. ಅಪಾಯ ಇರುವುದು ನಿರೀಕ್ಷಿತ ಉತ್ತರಗಳನ್ನು ಬರೆದಿಟ್ಟ ಫೈಲ್ ಅರ್ಧಕ್ಕೆ ನಿಂತಾಗ. ಫೈಲ್ ಮುಗಿಯುವ ತನಕ ಓದಿ ಹೋಲಿಸುವ ಟೆಸ್ಟ್ ಅರ್ಧ ವರ್ಷವನ್ನು ಮಾತ್ರ ಹೋಲಿಸಿ ಪಾಸಾಗುತ್ತದೆ. ಅಂಥ ಫೈಲಿನ ಮೊದಲ ಸಾಲಿನಲ್ಲೇ ಒಟ್ಟು ಎಷ್ಟು ಸಾಲುಗಳಿವೆ ಎಂದು ಬರೆದಿಡಿ, ಓದಿದ ಮೇಲೆ ತಾಳೆ ನೋಡಿ. ಕೋಡಿನ ಹಳೆಯ ಆವೃತ್ತಿಗಳನ್ನು ಕಾಪಾಡುವ ಗಿಟ್ ಭಂಡಾರವನ್ನೂ ಎಫ್‌ಎಸ್‌ಸಿಕೆ ಆದೇಶದಿಂದ ಒಮ್ಮೆ ಪರಿಶೀಲಿಸುವುದು ಒಳ್ಳೆಯದು.

ಅರ್ಧಕ್ಕೆ ನಿಂತ ಟೆಸ್ಟ್

ಲಾಗ್ ಫೈಲಿನಲ್ಲಿ ಕೊನೆಯದಾಗಿ ಕಂಡ ಹೆಸರಿನ ಟೆಸ್ಟೇ ಸತ್ತದ್ದು ಎಂದು ತೀರ್ಮಾನಿಸಬೇಡಿ. ಔಟ್‌ಪುಟ್ಟನ್ನು ಫೈಲಿಗೆ ಹರಿಸಿದಾಗ ಅದು ಬಫರಿನಲ್ಲಿ, ಅಂದರೆ ತಾತ್ಕಾಲಿಕ ಸ್ಮೃತಿಯಲ್ಲಿ, ಕಾಯುತ್ತಿರುತ್ತದೆ. ಪ್ರೋಗ್ರಾಂ ಸೆಗ್ಮೆಂಟೇಷನ್ ದೋಷದಿಂದ (ತನ್ನದಲ್ಲದ ಸ್ಮೃತಿಯನ್ನು ಮುಟ್ಟಿ) ಸತ್ತರೆ ಬಫರಿನಲ್ಲಿದ್ದ ಹೆಸರುಗಳೂ ಅದರೊಂದಿಗೇ ಹೋಗುತ್ತವೆ. ಪ್ರತಿ ಟೆಸ್ಟಿನ ಹೆಸರು ಬರೆದ ಕೂಡಲೇ ಫ್ಲಶ್ ಮಾಡಬೇಕು, ಅಂದರೆ ಬಫರಿನಲ್ಲಿದ್ದದ್ದನ್ನು ಫೈಲಿಗೆ ಇಳಿಸಬೇಕು. ಚೌಕಟ್ಟಿನಲ್ಲಿ ಆ ಸಾಲು ಇದೆ, ನಿಮ್ಮ ಸ್ವಂತ ಟೆಸ್ಟಿನ ಮುದ್ರಣಗಳಿಗೂ ಸೇರಿಸಿಕೊಳ್ಳಿ.

ಕೆಲಸವನ್ನು ಹಲವು ಪಾಲು ಮಾಡಿ ಒಟ್ಟಿಗೆ ಓಡಿಸುವ ಓಪನ್‌ಎಂಪಿ ಸೇರಿಸಿದ ಮೇಲೆ ಮಾತ್ರ ಸಾಯುತ್ತಿದ್ದರೆ ಸ್ಟ್ಯಾಕ್ (ಸಬ್‌ರೂಟೀನ್ ಓಡುವಷ್ಟು ಹೊತ್ತು ಅದಕ್ಕೆ ಸಿಗುವ ಸೀಮಿತ ಸ್ಮೃತಿ) ಮೇಲೆ ಅನುಮಾನ ಪಡಿ. ದೊಡ್ಡ ಸ್ಥಳೀಯ ಅರೇಗಳನ್ನು ಜಿಫೋರ್ಟ್ರಾನ್ ಸಾಮಾನ್ಯವಾಗಿ ಸ್ಥಿರ ಸ್ಮೃತಿಯಲ್ಲಿ ಇಡುತ್ತದೆ, ಓಪನ್‌ಎಂಪಿ ಆಯ್ಕೆ ಕೊಟ್ಟರೆ ಸ್ಟ್ಯಾಕಿಗೆ ತರುತ್ತದೆ. ಲಿನಕ್ಸಿನಲ್ಲಿ ಸ್ಟ್ಯಾಕಿನ ಮಿತಿ ಸಾಮಾನ್ಯವಾಗಿ 8 ಮೆಗಾಬೈಟ್. 1024 ಸಾಲು, 1024 ಕಂಬಸಾಲುಗಳ ಒಂದೇ ಒಂದು ಡಬಲ್ ಅರೇ ಅಷ್ಟನ್ನೂ ತುಂಬಿಬಿಡುತ್ತದೆ. ಯುಲಿಮಿಟ್ ಆದೇಶದಿಂದ ಮಿತಿ ಹೆಚ್ಚಿಸಿ ನೋಡಿ. ಸಾವು ನಿಂತರೆ ಆ ಅರೇಯನ್ನು ಅಲೊಕೇಟಬಲ್ ಮಾಡಿ, ಆಗ ಅದು ಸ್ಟ್ಯಾಕಿನ ಹೊರಗೆ ಇರುತ್ತದೆ. ಸಾಯದೆ ಉತ್ತರ ಮಾತ್ರ ಬದಲಾದರೆ ಸಂಗತಿ ಬೇರೆ: ಸ್ಥಿರ ಸ್ಮೃತಿ ಮೊದಲಿಗೆ ಸೊನ್ನೆಯಾಗಿರುತ್ತದೆ, ಸ್ಟ್ಯಾಕಿನಲ್ಲಿ ಹಿಂದಿನವರು ಬಿಟ್ಟುಹೋದ ಕಸವಿರುತ್ತದೆ. ಮೌಲ್ಯ ಕೊಡುವುದನ್ನು ಮರೆತ ಅರೇ ಇಷ್ಟು ದಿನ ಅದೃಷ್ಟದಿಂದ ಸೊನ್ನೆ ಪಡೆಯುತ್ತಿತ್ತು. ಫಿನಿಟ್-ರಿಯಲ್ ಆಯ್ಕೆಗೆ ಸಿಗ್ನಲ್ ಮಾಡುವ ನ್ಯಾನ್ ಕೊಟ್ಟು ಕಂಪೈಲ್ ಮಾಡಿದರೆ ಅಂಥ ವೇರಿಯಬಲ್‌ಗಳಲ್ಲಿ ಹೆಚ್ಚಿನವು ಬೇಗ ಬಯಲಿಗೆ ಬರುತ್ತವೆ.

ನಮಗೆ ಬರೆಯುವಾಗ

ಕಂಪೈಲರಿನ ಹೆಸರು ಮತ್ತು ಆವೃತ್ತಿ, ಕಂಪೈಲ್ ಮಾಡಿದ ಪೂರ್ತಿ ಸಾಲು, ಪ್ರೊಸೆಸರಿನ ಮಾದರಿ, ತಪ್ಪೆಂದು ಗೊತ್ತಿರುವ ಟೆಸ್ಟುಗಳ ಫೈಲನ್ನು ಓಡಿಸಿದಾಗ ಬಂದ ಔಟ್‌ಪುಟ್ ಮತ್ತು ಎಕ್ಸಿಟ್ ಕೋಡ್, ಇಷ್ಟನ್ನು ಕಳಿಸಿ. ಪರದೆಯ ಫೋಟೋ ಬೇಡ, ಅಕ್ಷರಗಳನ್ನೇ ನಕಲು ಮಾಡಿ ಕಳಿಸಿ. ಸಂಖ್ಯೆಗಳನ್ನು ಹದಿನೇಳು ಅಂಕಿಗಳವರೆಗೆ ಮುದ್ರಿಸಿ. ಡಬಲ್ ಪ್ರಿಸಿಷನ್ನಿನ ಒಂದು ಸಂಖ್ಯೆಯನ್ನು ಕಳೆದುಕೊಳ್ಳದೆ ಬರೆಯಲು ಅಷ್ಟು ಅಂಕಿಗಳು ಬೇಕು, ಆರು ಅಂಕಿಗಳಲ್ಲಿ ಮುದ್ರಿಸಿದರೆ ಬಂದ ಉತ್ತರವೂ ನಿರೀಕ್ಷಿತ ಉತ್ತರವೂ ಒಂದೇ ಆಗಿ ಕಂಡು ನಮಗೆ ಹುಡುಕಲು ಏನೂ ಉಳಿಯುವುದಿಲ್ಲ.